ಪಿಟ್‌ಬುಲ್ ತಂದರೆ ಕುರಿ ಉಳಿಯುತ್ತಾ? ಮರಿಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ



ಹೋದ ತಿಂಗಳು ಒಂದು ಸಂಜೆ, ಕಳೆ ತೆಗೆದ ಹೆಣ್ಣಾಳುಗಳಿಗೆ ಕೂಲಿ ಕೊಟ್ಟು ಕೈಕಾಲು ತೊಳೀತಾ ಇದ್ದೆ. ಪಕ್ಕದ ಹೊಲದ ಹುಡುಗ ಬೈಕ್ ನಿಲ್ಲಿಸಿ ಬಂದು ಫೋನ್ ಮುಖಕ್ಕೆ ಹಿಡಿದ.

"ಅಣ್ಣಾ, ನೋಡಣ್ಣ. ಪಿಟ್‌ಬುಲ್ ಮರಿ. ಇಪ್ಪತ್ತೆರಡು ಸಾವಿರ ಹೇಳ್ತಾವ್ನೆ. ತಂದ್ಬುಡ್ಲಾ?"

ಅವನ ಕಷ್ಟ ನನಗೆ ಗೊತ್ತಿತ್ತು. ಅವನ ಹತ್ರ ಹದಿನೆಂಟು ಬಂಡೂರು ಕುರಿ ಇದ್ದವು. ಕಬ್ಬಿನ ಗದ್ದೆ ಮಧ್ಯೆ ಶೆಡ್ಡು, ಊರಿಂದ ಅರ್ಧ ಕಿಲೋಮೀಟರ್ ದೂರ. ಒಂದೇ ರಾತ್ರಿ ಎರಡು ಟಗರು ಹೋದವು. ಬಂಡೂರು ಅಂದ್ರೆ ನಮ್ಮ ಮಳವಳ್ಳಿ ತಾಲ್ಲೂಕಿನ ಹಳ್ಳಿ, ಅದರ ಹೆಸರಿನ ಕುರಿಗೆ ಎಷ್ಟು ಬೆಲೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕ್ಯಾಮೆರಾ ಹಾಕಿದ್ದ. ಕ್ಯಾಮೆರಾದಲ್ಲಿ ಸಿಕ್ಕಿದ್ದು ಮುಖಕ್ಕೆ ಟವೆಲ್ ಸುತ್ತಿಕೊಂಡ ಇಬ್ಬರು, ಅಷ್ಟೇ.

"ಈ ನಾಯಿ ಹೆಸರು ಕೇಳಿದ್ರೇ ಕಳ್ಳ ಬರಲ್ಲ ಕಣಣ್ಣ" ಅಂದ.

ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯಕೀಯ ಅಲ್ಲ. ಅದಕ್ಕೆ "ಹತ್ತು ದಿನ ತಡಿ, ಅಡ್ವಾನ್ಸ್ ಕೊಡಬೇಡ" ಅಂದೆ. ಆ ಹತ್ತು ದಿನದಲ್ಲಿ ಪಶುವೈದ್ಯರನ್ನ ಕೇಳಿದೆ, ಕೋರ್ಟ್ ತೀರ್ಪು ಓದಿದೆ, ಅಧ್ಯಯನಗಳನ್ನ ನೋಡಿದೆ. ಈ ನಾಯಿಗೆ ಇರುವ ಭಯಂಕರ ಹೆಸರು ನಿಜಾನಾ, ಸುಳ್ಳಾ? ನಮ್ಮ ತೋಟಕ್ಕೆ ಇದು ಆಗುತ್ತಾ? ಈ ಎರಡು ಪ್ರಶ್ನೆಗೆ ಸಿಕ್ಕ ಉತ್ತರ ಈ ವಾರದ ಲೇಖನ.

ಪಿಟ್‌ಬುಲ್ ಅಂದರೆ ಒಂದೇ ತಳಿ ಅಲ್ಲ

ಮೊದಲು ಇದನ್ನ ತಿಳ್ಕೊಳ್ಳಿ. ಟೊಮೆಟೊ ಅಂದ ಹಾಗೆ ಪಿಟ್‌ಬುಲ್ ಅನ್ನೋದೂ ಒಂದು ಗುಂಪಿನ ಹೆಸರು. ಅಮೆರಿಕನ್ ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಅಮೆರಿಕನ್ ಬುಲ್ಲಿ, ಇವೆಲ್ಲವನ್ನೂ ಜನ ಪಿಟ್‌ಬುಲ್ ಅಂತಲೇ ಕರೀತಾರೆ. ಇವುಗಳ ಮಿಶ್ರತಳಿಗೂ ಅದೇ ಹೆಸರು. ಅಗಲ ತಲೆ, ಗಿಡ್ಡ ಕೂದಲು, ಗಟ್ಟಿ ಎದೆ ಇದ್ದರೆ ಸಾಕು, ಪಿಟ್‌ಬುಲ್ ಅಂತ ಮಾರಿಬಿಡ್ತಾರೆ.

ನಮ್ಮ ಹುಡುಗನ ಫೋನಿನಲ್ಲಿದ್ದ ಮರಿಯ ಅಪ್ಪ ಅಮ್ಮ ಯಾರು ಅಂತ ಮಾರುವವನನ್ನ ಕೇಳಿಸಿದೆ. "ಪ್ಯೂರ್ ಬ್ರೀಡ್ ಸಾರ್" ಅನ್ನೋದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಲೇಬಲ್ ಇಲ್ಲದ ಪೊಟ್ಟಣದ ಬೀಜ ತಂದು ಬಿತ್ತುತ್ತೀರಾ? ಇದೂ ಹಾಗೇ.

ಹುಟ್ಟಿದ್ದು ಕಾಳಗಕ್ಕೆ

ಇದರ ಮೂಲ ಇಂಗ್ಲೆಂಡ್. ಅಲ್ಲಿ ಹಿಂದೆ ಗೂಳಿಯನ್ನ ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಬಿಡುವ ಆಟ ಇತ್ತು. ಗೂಳಿಯ ಮೂತಿ ಕಚ್ಚಿ ಹಿಡಿದು ಬಿಡದ ನಾಯಿ ಗೆದ್ದ ಹಾಗೆ. ಬುಲ್‌ಡಾಗ್ ಅನ್ನೋ ಹೆಸರು ಬಂದಿದ್ದೇ ಹಾಗೆ. 1835ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಆ ಆಟ ನಿಲ್ಲಿಸಿತು. ಗೂಳಿ ಕಾಳಗ ನಿಂತ ಮೇಲೆ ಜನ ಗುಟ್ಟಾಗಿ ನಾಯಿ ಕಾಳಗ ಜಾಸ್ತಿ ಮಾಡಿದರು, ಅದಕ್ಕೆ ದೊಡ್ಡ ಜಾಗ ಬೇಡ, ಒಂದು ಗುಂಡಿ ಸಾಕು. ಬುಲ್‌ಡಾಗಿನ ಹಿಡಿತ ಮತ್ತು ಟೆರಿಯರಿನ ಚುರುಕು ಎರಡೂ ಬೇಕು ಅಂತ ಅವೆರಡನ್ನೂ ಕೂಡಿಸಿದರು. ಪಿಟ್ ಅಂದರೆ ಕಾಳಗದ ಗುಂಡಿ. ಆಮೇಲೆ ಈ ನಾಯಿ ವಲಸೆ ಹೋದವರ ಜೊತೆ ಅಮೆರಿಕಾಕ್ಕೆ ಹೋಯಿತು, 1898ರಲ್ಲಿ ಅಲ್ಲಿನ ಯುನೈಟೆಡ್ ಕೆನಲ್ ಕ್ಲಬ್ ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಅಂತ ನೋಂದಾಯಿಸಿತು.

ಇದರಲ್ಲಿ ನಮಗೆ ಬೇಕಾದ ಪಾಠ ಎರಡು.

ಒಂದು, ಇದನ್ನ ಆರಿಸಿ ಬೆಳೆಸಿದ್ದು ಬೇರೆ ಪ್ರಾಣಿಯ ಮೇಲೆ ಬೀಳೋಕೆ, ಬಿದ್ದ ಮೇಲೆ ಬಿಡದೇ ಇರೋಕೆ. ಮನುಷ್ಯನ ಮೇಲೆ ಬೀಳೋಕೆ ಅಲ್ಲ. ಕಾಳಗದ ಮಧ್ಯೆ ಒಡೆಯ ಕೈ ಹಾಕಿ ನಾಯಿಯನ್ನ ಬಿಡಿಸಬೇಕಿತ್ತು, ಅವನನ್ನೇ ಕಚ್ಚೋ ನಾಯಿ ಯಾರಿಗೂ ಬೇಡವಾಗಿತ್ತು.

ಎರಡು, ಇದು ಕಾವಲು ನಾಯಿ ಅಲ್ಲ. ಅಪರಿಚಿತರನ್ನ ಕಂಡು ಬೊಗಳಿ ತಡೆಯೋದು ಬೇರೆ ಗುಣ, ಕಾಳಗ ಮಾಡೋದು ಬೇರೆ ಗುಣ. ಎಷ್ಟೋ ಪಿಟ್‌ಬುಲ್‌ಗಳು ಹೊಸಬರ ಹತ್ತಿರ ಬಾಲ ಅಲ್ಲಾಡಿಸಿಕೊಂಡು ಹೋಗ್ತವೆ. ಕಳ್ಳ ಎರಡು ತುಂಡು ಚಿಕನ್ ಹಾಕಿದರೆ ನಿಮ್ಮ ಇಪ್ಪತ್ತೆರಡು ಸಾವಿರದ ನಾಯಿ ಅವನ ಗೆಳೆಯ ಆದರೂ ಆಗಬಹುದು.

ಹಾಗಾದರೆ ಭಯ ಸುಳ್ಳಾ? ಲೆಕ್ಕ ನೋಡೋಣ

2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ಅಜ್ಜಿಯೊಬ್ಬರನ್ನ ಅವರ ಮನೆಯಲ್ಲೇ ಸಾಕಿದ್ದ ಪಿಟ್‌ಬುಲ್ ಕಚ್ಚಿ ಕೊಂದಿತು. ಆ ಹೊತ್ತಿನಲ್ಲಿ ಬಿಡಿಸೋಕೆ ಮಗ ಮನೆಯಲ್ಲಿ ಇರಲಿಲ್ಲ. ಆ ಸುದ್ದಿ ಬಂದ ಮೇಲೇ ನಮ್ಮ ದೇಶದಲ್ಲಿ ಈ ನಾಯಿ ಹೆಸರು ಹಳ್ಳಿ ಹಳ್ಳಿಗೂ ಗೊತ್ತಾಗಿದ್ದು. ಅದು ಸುಳ್ಳು ಸುದ್ದಿ ಅಲ್ಲ.

ಅಮೆರಿಕಾದಲ್ಲಿ 1979ರಿಂದ 1998ರವರೆಗೆ ನಾಯಿ ಕಚ್ಚಿ ಸತ್ತವರ ಲೆಕ್ಕವನ್ನ 2000ದಲ್ಲಿ ಪ್ರಕಟಿಸಿದರು. ತಳಿ ಗೊತ್ತಿದ್ದ 238 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದ್ದದ್ದು ಪಿಟ್‌ಬುಲ್ ಮಾದರಿಯ ನಾಯಿಗಳು ಮತ್ತು ರಾಟ್‌ವೀಲರ್‌ಗಳು. ಇದನ್ನ ಓದಿದಾಗ "ನೋಡಿ, ಜನ ಹೇಳೋದು ಸರಿ" ಅನ್ನಿಸುತ್ತೆ. ಆದರೆ ಅದೇ ಲೆಕ್ಕದಲ್ಲಿ ಕನಿಷ್ಠ 25 ತಳಿಯ ನಾಯಿಗಳು ಮನುಷ್ಯರನ್ನ ಕೊಂದಿದ್ದವು.

ಆಮೇಲೆ 2013ರಲ್ಲಿ ಇನ್ನೂ ಆಳವಾದ ಅಧ್ಯಯನ ಬಂತು. 2000ದಿಂದ 2009ರವರೆಗಿನ 256 ಸಾವುಗಳನ್ನ, ಪೊಲೀಸರನ್ನೂ ತನಿಖೆ ಮಾಡಿದವರನ್ನೂ ಕೇಳಿ, ಒಂದೊಂದಾಗಿ ಬಿಡಿಸಿ ನೋಡಿದರು. ತಳಿ ಇಂಥದ್ದೇ ಅಂತ ಖಚಿತವಾಗಿ ಹೇಳೋಕೆ ಆಗಿದ್ದು ನೂರಕ್ಕೆ 18ಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ಆದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಸಿಕ್ಕವು:

- ಬಿಡಿಸೋಕೆ ಶಕ್ತಿ ಇರುವ ದೊಡ್ಡವರು ಹತ್ತಿರ ಇರಲಿಲ್ಲ: ನೂರಕ್ಕೆ 87
- ಸತ್ತವರಿಗೂ ನಾಯಿಗೂ ಸರಿಯಾದ ಪರಿಚಯ ಇರಲಿಲ್ಲ: ನೂರಕ್ಕೆ 85
- ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಲಿಲ್ಲ: ನೂರಕ್ಕೆ 84
- ಸತ್ತವರು ಚಿಕ್ಕ ಮಕ್ಕಳು, ಅಥವಾ ತಮ್ಮನ್ನ ತಾವು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದವರು: ನೂರಕ್ಕೆ 77
- ನಾಯಿಯನ್ನ ಮನೆ ಮಂದಿ ಜೊತೆ ಬೆಳೆಸದೆ ದೂರ ಇಟ್ಟಿದ್ದರು: ನೂರಕ್ಕೆ 76

ಹತ್ತರಲ್ಲಿ ಎಂಟು ಸಾವಿನಲ್ಲಿ ಇಂಥ ನಾಲ್ಕು ಅಥವಾ ಹೆಚ್ಚು ಕಾರಣಗಳು ಒಟ್ಟಿಗೆ ಸೇರಿದ್ದವು.

ಕೊನೆಯ ಸಾಲನ್ನ ಇನ್ನೊಂದು ಸಲ ಓದಿ. ಮನೆಯಿಂದ ದೂರ, ಜನರ ಒಡನಾಟ ಇಲ್ಲದೆ ಇಟ್ಟ ನಾಯಿ. ಅದು ನಮ್ಮ ಪಂಪ್‌ಸೆಟ್ ಮನೆ ಹತ್ತಿರ ಚೈನ್ ಹಾಕಿ ಕಟ್ಟಿರುವ ನಾಯಿ ಅಲ್ವಾ?

ತಳಿ ಎಷ್ಟು, ಬೇಸಾಯ ಎಷ್ಟು?

ಒಳ್ಳೆ ತಳಿಯ ಬೀಜ ತಂದು ನೀರು, ಗೊಬ್ಬರ ಕೊಡದಿದ್ದರೆ ಇಳುವರಿ ಬರಲ್ಲ. ಹಾಗಂತ ತಳಿಗೆ ಬೆಲೆಯೇ ಇಲ್ಲ ಅನ್ನೋಕೂ ಆಗಲ್ಲ. ನಾಯಿಯಲ್ಲೂ ಇದೇ ಕಥೆ.

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಒಡೆಯರನ್ನ ಪ್ರಶ್ನೆ ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದರು. ಒಂದು ನಾಯಿಗೂ ಇನ್ನೊಂದು ನಾಯಿಗೂ ನಡತೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ನೂರಕ್ಕೆ 9 ಮಾತ್ರ ಅಂತ ಬಂತು. ಅಂದರೆ ತಳಿ ನೋಡಿ ಈ ನಾಯಿ ಸಾಧು, ಆ ನಾಯಿ ಕ್ರೂರಿ ಅಂತ ಹೇಳೋಕೆ ಆಗಲ್ಲ.

ಇನ್ನೊಂದು ಉದಾಹರಣೆ. 2007ರಲ್ಲಿ ಅಮೆರಿಕಾದ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್ ನಾಯಿ ಕಾಳಗ ನಡೆಸುತ್ತಿದ್ದ ಪ್ರಕರಣದಲ್ಲಿ ಜೈಲಿಗೆ ಹೋದ. ಅವನ ಜಾಗದಲ್ಲಿ ಐವತ್ತರ ಆಸುಪಾಸು ಪಿಟ್‌ಬುಲ್‌ಗಳು ಸಿಕ್ಕವು. ಕಾಳಗಕ್ಕೇ ಸಾಕಿದ ನಾಯಿಗಳು, ಎಲ್ಲವನ್ನೂ ಕೊಲ್ಲಿ ಅಂದವರು ಇದ್ದರು. ಒಂದೊಂದನ್ನೂ ಪರೀಕ್ಷೆ ಮಾಡಿ ನೋಡಿದಾಗ ಹೆಚ್ಚಿನವು ಬದುಕಿಸಬಹುದಾದ ನಾಯಿಗಳೇ ಆಗಿದ್ದವು. ಎಷ್ಟೋ ನಾಯಿಗಳು ಆಮೇಲೆ ಮಕ್ಕಳಿರುವ ಮನೆಗಳಲ್ಲಿ ಬೆಳೆದವು.

ಹಾಗಾದರೆ ಪಿಟ್‌ಬುಲ್ ಮುಗ್ಧ ಪ್ರಾಣಿ, ತರಬಹುದು ಅಂತೀರಾ? ನಿಲ್ಲಿ, ಇನ್ನೊಂದು ಮುಖ ಇದೆ.

ಕಚ್ಚುತ್ತಾ ಇಲ್ವಾ ಅನ್ನೋದು ಒಂದು ಪ್ರಶ್ನೆ. ಕಚ್ಚಿದರೆ ಏನಾಗುತ್ತೆ ಅನ್ನೋದು ಬೇರೆ ಪ್ರಶ್ನೆ. ಊರ ನಾಯಿ ಸಾಮಾನ್ಯವಾಗಿ ಒಂದು ಸಲ ಕಚ್ಚಿ ಹಿಂದೆ ಸರಿಯುತ್ತೆ. ಪಿಟ್‌ಬುಲ್ ಹಿಡಿದು, ಅಲ್ಲಾಡಿಸಿ, ಬಿಡದೇ ನಿಲ್ಲೋಕೆ ಆರಿಸಿದ ನಾಯಿ. ಅದರ ದವಡೆಗೆ ಬೀಗ ಬೀಳುತ್ತೆ ಅನ್ನೋದು ಸುಳ್ಳು, ಮೂಳೆಯಲ್ಲಿ ಅಂಥ ಯಾವ ರಚನೆಯೂ ಇಲ್ಲ. ಆದರೆ ಬಿಡಬಾರದು ಅನ್ನೋ ಹಟ ನಿಜ, ಮೈಯ ಬಲವೂ ನಿಜ. ಹೀಗಾಗಿ ನೂರು ಪಿಟ್‌ಬುಲ್‌ನಲ್ಲಿ ತೊಂಬತ್ತೊಂಬತ್ತು ಸಾಧುವಾಗಿದ್ದರೂ, ಉಳಿದ ಒಂದು ಮಾಡುವ ಅನಾಹುತ ದೊಡ್ಡದು.

ನನ್ನ ಲೆಕ್ಕದಲ್ಲಿ ಆ ಭಯಂಕರ ಹೆಸರು ಅರ್ಧ ಸುಳ್ಳು, ಅರ್ಧ ನಿಜ. ಮನುಷ್ಯರ ಮೇಲೆ ಹುಟ್ಟಿನಿಂದಲೇ ದ್ವೇಷ ಅನ್ನೋದು ಸುಳ್ಳು. ಕಚ್ಚಿದರೆ ಗಾಯ ಭಾರಿ ಅನ್ನೋದು, ಬೇರೆ ಪ್ರಾಣಿಗಳ ಮೇಲೆ ಬೀಳೋ ಗುಣ ಹೆಚ್ಚು ಅನ್ನೋದು ನಿಜ.

ನಮ್ಮ ಹೈಕೋರ್ಟ್ ಏನು ಹೇಳಿತು?

"ಪಿಟ್‌ಬುಲ್ ಬ್ಯಾನ್ ಆಗಿದೆಯಂತೆ" ಅಂತ ಕೆಲವರು, "ಬ್ಯಾನ್ ಹೋಯ್ತಂತೆ" ಅಂತ ಕೆಲವರು ಹೇಳ್ತಾರೆ. ನಡೆದದ್ದು ಇಷ್ಟು.

ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ, ಕೇನ್ ಕೋರ್ಸೊ ಸೇರಿ 23 ತಳಿಗಳ ಆಮದು, ಮರಿ ಮಾಡಿಸೋದು, ಮಾರಾಟ ಇವುಗಳಿಗೆ ಪರವಾನಗಿ ಕೊಡಬೇಡಿ, ಈಗಾಗಲೇ ಸಾಕಿರುವವರು ಸಂತಾನಹರಣ ಮಾಡಿಸಬೇಕು ಅನ್ನೋದು ಅದರ ಸಾರ.

ಕರ್ನಾಟಕ ಹೈಕೋರ್ಟ್ ಮೊದಲು ಅದಕ್ಕೆ ತಡೆ ಕೊಟ್ಟಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸುತ್ತೋಲೆಯನ್ನೇ ರದ್ದು ಮಾಡಿದರು. ಈ ನಾಯಿಗಳು ಅಪಾಯ ಅಲ್ಲ ಅನ್ನೋದು ಅದಕ್ಕೆ ಕಾರಣ ಅಲ್ಲ. ಸಂಬಂಧಪಟ್ಟವರ ಮಾತು ಕೇಳದೆ, ನಿಯಮದಲ್ಲಿ ಹೇಳಿದ ಹಾಗೆ ಸಮಿತಿ ಮಾಡದೆ ಇಂಥ ಆದೇಶ ಹೊರಡಿಸೋಕೆ ಬರಲ್ಲ ಅನ್ನೋದು ಕಾರಣ. ಎಲ್ಲರನ್ನೂ ಕೇಳಿ, ಕಾನೂನು ಪ್ರಕಾರ ಮತ್ತೆ ಮಾಡಬಹುದು ಅಂತಲೂ ಕೋರ್ಟ್ ಹೇಳಿತು. ಜೊತೆಗೆ ನಾವು ಮರೆಯಬಾರದ ಇನ್ನೊಂದು ಮಾತು: ಸಾಕಿದ ನಾಯಿ ಯಾರನ್ನಾದರೂ ಗಾಯ ಮಾಡಿದರೆ ಚಿಕಿತ್ಸೆಯ ಖರ್ಚು ನಾಯಿಯ ಒಡೆಯನದೇ, ಪರಿಹಾರ ಅದರ ಮೇಲೆ ಬೇರೆ.

ತಳಿ ನಿಷೇಧದಿಂದ ಕಡಿತ ಕಡಿಮೆ ಆಗುತ್ತಾ ಅನ್ನೋದಕ್ಕೂ ಒಂದು ಉದಾಹರಣೆ ಇದೆ. ನೆದರ್‌ಲ್ಯಾಂಡ್ಸ್ ದೇಶ 1993ರಲ್ಲಿ ಪಿಟ್‌ಬುಲ್ ನಿಷೇಧ ಮಾಡಿತ್ತು. ನಾಯಿ ಕಡಿತ ಕಡಿಮೆ ಆಗಲಿಲ್ಲ ಅಂತ 2008ರಲ್ಲಿ ಕೈಬಿಟ್ಟಿತು. ಇನ್ನೊಂದು ಕಡೆ ಬ್ರಿಟನ್ 1991ರ ಕಾನೂನಿನಿಂದ ಇವತ್ತಿಗೂ ಪಿಟ್‌ಬುಲ್ ಟೆರಿಯರ್ ನಿಷೇಧ ಇಟ್ಟುಕೊಂಡಿದೆ, ಈಚೆಗೆ ಎಕ್ಸ್‌ಎಲ್ ಬುಲ್ಲಿಯನ್ನೂ ಸೇರಿಸಿದೆ. ಅಂದರೆ ದೇಶಗಳಿಗೇ ಒಮ್ಮತ ಇಲ್ಲ.

ನಮಗೆ ಗೊತ್ತಿರಬೇಕಾದ ಕಾನೂನು ಇಷ್ಟು:

- ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ: ನಮ್ಮ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
- 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ: ನಾಯಿ ಕಾಳಗ ಅಪರಾಧ. ಗಿಡ್ಡ ಚೈನಿನಲ್ಲಿ ಹೊತ್ತಿಲ್ಲದೆ ಕಟ್ಟಿಹಾಕೋದು, ಯಾವಾಗಲೂ ಕಟ್ಟಿದ ನಾಯಿಗೆ ಓಡಾಟ ಕೊಡದೇ ಇರೋದು ಕೂಡ ಅಪರಾಧ.
- 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮ: ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಿರಬೇಕು, 8 ವಾರಕ್ಕಿಂತ ಚಿಕ್ಕ ಮರಿ ಮಾರುವ ಹಾಗಿಲ್ಲ.

ನನ್ನ ನಾಯಿ ಕಚ್ಚಿದ ದಿನ

ಇದನ್ನ ಬರೆಯೋಕೆ ನನಗೆ ನಾಚಿಕೆ. ಆದರೂ ಬರೀತೀನಿ, ಯಾಕಂದ್ರೆ ಪಿಟ್‌ಬುಲ್ ಬಗ್ಗೆ ಮಾತಾಡೋ ಯೋಗ್ಯತೆ ಬರಬೇಕಾದರೆ ಮೊದಲು ನನ್ನ ತಪ್ಪು ಹೇಳಬೇಕು.

ಮೂರು ವರ್ಷದ ಹಿಂದೆ ನನ್ನ ತೋಟದಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಪಿಟ್‌ಬುಲ್ ಅಲ್ಲ, ಏನೂ ಅಲ್ಲ, ಊರ ನಾಯಿ. ತೆಂಗಿನಕಾಯಿ ಕಳ್ಳತನ ಆಗುತ್ತೆ ಅಂತ ಪಂಪ್‌ಸೆಟ್ ಮನೆ ಹತ್ರ ಕಟ್ಟಿದ್ದೆ. ನಾಲ್ಕು ಅಡಿ ಚೈನು. ಹಗಲು ರಾತ್ರಿ ಅಲ್ಲೇ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಮುದ್ದೆ ಹಾಕಿ ಬರ್ತಿದ್ದೆ. ಅಷ್ಟೇ ನನ್ನ ಸಾಕಾಣಿಕೆ. "ನಾಯಿ ಜೋರಾಗಿರಬೇಕು, ಯಾರನ್ನೂ ಹತ್ರ ಬಿಡಬಾರದು" ಅಂತ ಹೆಮ್ಮೆ ಬೇರೆ.

ಕಳೆ ಕೀಳೋಕೆ ಬರುತ್ತಿದ್ದ ಒಬ್ಬ ತಾಯಿಯ ಜೊತೆ ಅವರ ಏಳು ವರ್ಷದ ಮಗ ರಜೆ ಅಂತ ಬಂದಿದ್ದ. ಉದುರಿದ ಮಾವಿನಕಾಯಿ ಆರಿಸೋಕೆ ಹೋದವನ ಮೀನಖಂಡಕ್ಕೆ ಕರಿಯ ಬಾಯಿ ಹಾಕಿತು. ಹುಡುಗ ಕೂಗಿದ್ದು ಇವತ್ತಿಗೂ ಕಿವಿಯಲ್ಲಿ ಇದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ನಾಯಿಗೆ ರೇಬಿಸ್ ಲಸಿಕೆ ಹಾಕ್ಸಿದ್ದೀರಾ? ಚೀಟಿ ಎಲ್ಲಿ?" ನನ್ನ ಹತ್ರ ಚೀಟಿ ಇರಲಿಲ್ಲ. ಹಾಕಿಸಿಯೇ ಇರಲಿಲ್ಲ. ಬಿ.ಎಸ್‌ಸಿ. ಓದಿದವನು ನಾನು.

ಹುಡುಗನಿಗೆ ಎಲ್ಲ ಇಂಜೆಕ್ಷನ್ ಆಯಿತು, ಗುಣ ಆದ. ಖರ್ಚೂ, ಆ ತಾಯಿಯ ಕೂಲಿ ತಪ್ಪಿದ ದಿನಗಳ ದುಡ್ಡೂ ಕೊಟ್ಟೆ. ಕೊಡೋಕೆ ಹೋದಾಗ ಆಕೆ ಅಂದ ಮಾತು ಇದು: "ನಾಯಿದೇನ್ ತಪ್ಪಪ್ಪ, ನಮ್ಮನ್ನ ಹಂಗ್ ಕಟ್ಟಾಕಿದ್ರೆ ನಮಗೂ ತಲೆ ಕೆಡ್ತದೆ."

ಅಮೆರಿಕಾದ 256 ಸಾವಿನ ಪಟ್ಟಿಯಲ್ಲಿದ್ದ ಕಾರಣಗಳನ್ನ ನನ್ನ ತೋಟದ ಪಕ್ಕ ಇಟ್ಟು ನೋಡಿದೆ. ಪರಿಚಯ ಇಲ್ಲದ ಮಗು, ಹತ್ತಿರ ದೊಡ್ಡವರಿಲ್ಲ, ಶಸ್ತ್ರಚಿಕಿತ್ಸೆ ಆಗದ ಗಂಡು ನಾಯಿ, ಒಂಟಿಯಾಗಿ ಕಟ್ಟಿದ್ದು. ಎಲ್ಲವೂ ಇತ್ತು. ಹುಡುಗ ಉಳಿದದ್ದು ಕರಿಯ ಒಂದು ಸಲ ಕಚ್ಚಿ ಬಿಟ್ಟಿದ್ದರಿಂದ. ಆ ಚೈನಿನಲ್ಲಿ ಪಿಟ್‌ಬುಲ್ ಇದ್ದಿದ್ದರೆ? ಆ ಯೋಚನೆ ಬಂದಾಗಲೇ ನಮ್ಮ ಹುಡುಗನಿಗೆ ಏನು ಹೇಳಬೇಕು ಅಂತ ನನಗೆ ತಿಳಿದದ್ದು.

ಕುರಿ ಕಾಯೋಕೆ ಪಿಟ್‌ಬುಲ್ ಯಾಕೆ ಬೇಡ

1. ಕುರಿಗೇ ಅಪಾಯ. ಓಡುವ ಪ್ರಾಣಿ ಕಂಡರೆ ಬೆನ್ನು ಹತ್ತೋದು ಟೆರಿಯರ್ ರಕ್ತದ ಗುಣ. ಒಂದು ರಾತ್ರಿ ಚೈನ್ ಕಿತ್ತರೆ ಕಳ್ಳ ಕದ್ದಿದ್ದಕ್ಕಿಂತ ಹೆಚ್ಚು ಕುರಿ ಹೋಗಬಹುದು.

2. ಚಿರತೆಗೆ ಇದು ಉತ್ತರ ಅಲ್ಲ. ನಮ್ಮ ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಓಡಾಟ ಹೊಸದಲ್ಲ. ಚಿರತೆಗೆ ನಾಯಿ ಇಷ್ಟದ ಆಹಾರ. ಕಟ್ಟಿದ ನಾಯಿ ಯಾವ ತಳಿಯದಾದರೂ ಅದಕ್ಕೆ ಸುಲಭದ ತುತ್ತು. ಹಿಮಾಲಯದ ಕುರಿಗಾಹಿಗಳು ನಾಯಿಯ ಕತ್ತಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕೋದು ಇದೇ ಭಯಕ್ಕೆ.

3. ಕೂಲಿಯವರು ಬರಲ್ಲ. ತೋಟದಲ್ಲಿ ಪಿಟ್‌ಬುಲ್ ಇದೆ ಅಂತ ಗೊತ್ತಾದರೆ ನಾಟಿಗೆ, ಕಳೆಗೆ ಯಾರು ಬರ್ತಾರೆ? ಹಾಲು ಹಾಕಿಸಿಕೊಳ್ಳುವವರು, ಲೈನ್‌ಮನ್, ನೀರುಗಂಟಿ, ಎಲ್ಲರೂ ನಮ್ಮ ಬದುವಿನ ಮೇಲೇ ಓಡಾಡಬೇಕು.

4. ಹೊತ್ತು ಬೇಕು. ಇದಕ್ಕೆ ದಿನಾ ಒಂದೆರಡು ಗಂಟೆ ಓಟ, ತರಬೇತಿ, ಮನೆ ಮಂದಿಯ ಒಡನಾಟ ಬೇಕು. ಮುದ್ದೆ ಹಾಕಿ ಬರೋ ಸಾಕಾಣಿಕೆ ನಡೆಯಲ್ಲ.

5. ಮನೆಯಲ್ಲಿ ಮಗು ಇದೆ. ನಮ್ಮ ಹುಡುಗನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಅಪ್ಪನ ಹಿಂದೆ ಶೆಡ್ಡಿಗೆ ಓಡಿಬರೋ ಮಗು. ಟಗರು ಹೋದರೆ ಇನ್ನೊಂದು ತರಬಹುದು.

ಹಾಗಾದರೆ ಯಾವ ನಾಯಿ?

ಮುಧೋಳ ನಾಯಿ ತರಲಾ ಅಂತ ಎಷ್ಟೋ ಜನ ಕೇಳ್ತಾರೆ. ನಮ್ಮ ನಾಡಿನ ಹೆಮ್ಮೆ ಅದು. ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ, ಸೇನೆಯವರೂ ಮುಧೋಳ ಮರಿ ಒಯ್ದು ತರಬೇತಿ ಕೊಟ್ಟಿದ್ದಾರೆ. ನಮ್ಮ ಬಿಸಿಲಿಗೆ ಹೊಂದುತ್ತೆ, ಕಣ್ಣು ಚುರುಕು. ಆದರೆ ಅದು ಮೊಲ ಬೇಟೆಗೆ ಓಡೋ ನಾಯಿ. ಓಡೋಕೆ ಬಯಲು ಬೇಕು, ಕೋಳಿ, ಮರಿಗಳ ಮೇಲೂ ಕಣ್ಣು ಹಾಕಬಹುದು. ಜಾಗ, ಹೊತ್ತು ಇದ್ದವರು ತರಲಿ, ಹೆಸರಿಗಾಗಿ ಬೇಡ.

ಒಂದೆರಡು ಎಕರೆ, ಹತ್ತಿಪ್ಪತ್ತು ಕುರಿ ಇರುವ ನಮ್ಮಂಥವರಿಗೆ ನನ್ನ ಸಲಹೆ ನಮ್ಮ ಊರ ನಾಯಿಯೇ. ಎರಡು ಮರಿ ತನ್ನಿ. ರೋಗ ಕಡಿಮೆ, ಖರ್ಚು ಕಡಿಮೆ, ಸಣ್ಣ ಸದ್ದಿಗೂ ಬೊಗಳುತ್ತೆ. ಕಳ್ಳನಿಗೆ ಬೇಕಾಗಿರೋದು ಕತ್ತಲು ಮತ್ತು ಸದ್ದಿಲ್ಲದ ಹೊತ್ತು. ಅವೆರಡನ್ನೂ ಇಲ್ಲವಾಗಿಸಿದರೆ ಅರ್ಧ ಕೆಲಸ ಆಯ್ತು, ಕಚ್ಚಲೇಬೇಕು ಅಂತಿಲ್ಲ.

ಮರಿ ಬೆಳೆಸೋ ಕ್ರಮ:

- 8 ವಾರ ತಾಯಿ ಜೊತೆ ಬಿಟ್ಟು ಆಮೇಲೆ ತನ್ನಿ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಜಗತ್ತನ್ನ ಕಲಿಯೋ ಕಾಲ. ಆಗ ಕುರಿ, ಮಕ್ಕಳು, ಆಳುಗಳು, ಟ್ರ್ಯಾಕ್ಟರ್ ಸದ್ದು ಎಲ್ಲದರ ಪರಿಚಯ ಆಗಬೇಕು.
- ಹಗಲು ಕುರಿ ಶೆಡ್ಡಿನ ಪಕ್ಕ ಇರಲಿ, ಆದರೆ ದಿನಾ ಮನೆಯವರೆಲ್ಲ ಮೈ ಮುಟ್ಟಿ ಮಾತಾಡಿಸಬೇಕು.
- ಕುರಿ ಬೆನ್ನಟ್ಟಿದರೆ ಮೊದಲ ದಿನವೇ ತಡೆಯಿರಿ. ಆಟ ಅಂತ ಬಿಟ್ಟರೆ ಚಟ ಆಗುತ್ತೆ.
- ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರೆಂಟು ವಾರಕ್ಕೆ ಶುರು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪ್ರತಿ ವರ್ಷ. ಚೀಟಿಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ.
- ಸಂತಾನಹರಣ ಯಾವ ವಯಸ್ಸಿಗೆ ಅಂತ ನಿಮ್ಮ ಪಶುವೈದ್ಯರನ್ನ ಕೇಳಿ ಮಾಡಿಸಿ.
- ಕಟ್ಟಲೇಬೇಕಾದರೆ ಎರಡು ಕಂಬದ ಮಧ್ಯೆ ತಂತಿ ಎಳೆದು, ಅದರ ಮೇಲೆ ಜಾರುವ ಹಾಗೆ ಚೈನ್ ಹಾಕಿ. ನೆರಳು, ನೀರು ಇರಲಿ. ರಾತ್ರಿ ಬಿಡಬೇಕಾದರೆ ಬೇಲಿ ಗಟ್ಟಿ ಇರಬೇಕು. ಚಿರತೆ ಇರುವ ಕಡೆ ರಾತ್ರಿ ನಾಯಿಯೂ ಗ್ರಿಲ್ ಒಳಗೇ ಇರಲಿ, ಬೊಗಳಿದರೆ ಸಾಕು.

ಈಗಾಗಲೇ ಪಿಟ್‌ಬುಲ್ ಇರುವವರಿಗೆ

ನಿಮ್ಮನ್ನ ಬೈಯೋದಿಲ್ಲ. ನಾಯಿಯನ್ನ ರಸ್ತೆಯಲ್ಲಿ ಬಿಟ್ಟು ಬರಬೇಡಿ, ಅದಕ್ಕಿಂತ ಅಪಾಯ ಬೇರೆ ಇಲ್ಲ. ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ. ಹೊರಗೆ ಕರೆದುಕೊಂಡು ಹೋಗುವಾಗ ಗಟ್ಟಿ ಬೆಲ್ಟು, ಜೊತೆಗೆ ಎತ್ತಿಗೆ ಕುಕ್ಕೆ ಹಾಕೋ ಹಾಗೆ ಬಾಯಿಗೆ ಮುಸುಕು ಇರಲಿ. ಮಕ್ಕಳ ಜೊತೆ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಬೇರೆ ನಾಯಿ ಮೇಲೆ, ಬೆಕ್ಕಿನ ಮೇಲೆ ಛೂ ಬಿಟ್ಟು ವಿಡಿಯೋ ಮಾಡೋ ಗೆಳೆಯರನ್ನ ದೂರ ಇಡಿ. ಗೇಟಿಗೆ ಬೋರ್ಡ್ ಹಾಕಿ, ಆದರೆ ಬೋರ್ಡ್ ಹಾಕಿದ ಮಾತ್ರಕ್ಕೆ ಜವಾಬ್ದಾರಿ ಮುಗಿಯಲ್ಲ.

ಯಾವ ನಾಯಿ ಕಚ್ಚಿದರೂ ಇದನ್ನ ಮಾಡಿ

ಸರ್ಕಾರದ ಲೆಕ್ಕದಲ್ಲೇ 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತ ಆಗಿವೆ. ಪಿಟ್‌ಬುಲ್ ಸುದ್ದಿ ಟಿವಿಯಲ್ಲಿ ಬರುತ್ತೆ. ನಮ್ಮನ್ನ ಸಾಯಿಸೋ ರೇಬಿಸ್ ಮಾತ್ರ ಸಾಮಾನ್ಯವಾಗಿ ಬರೋದು ಹೆಸರಿಲ್ಲದ ನಾಯಿಯಿಂದ.

- ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಪಂಪ್‌ಸೆಟ್ ನೀರು, ಬಟ್ಟೆ ಸೋಪು, ಯಾವುದಾದರೂ ಸರಿ.
- ಅರಿಶಿನ, ಸುಣ್ಣ, ಖಾರದ ಪುಡಿ, ಎಣ್ಣೆ ಏನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.
- ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಒಂದೂ ತಪ್ಪಿಸಬೇಡಿ.
- ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಬೇಕು. ಡಾಕ್ಟರನ್ನ ಬಾಯಿಬಿಟ್ಟು ಕೇಳಿ.
- ರೇಬಿಸ್ ಲಕ್ಷಣ ಶುರುವಾದ ಮೇಲೆ ಮದ್ದಿಲ್ಲ. ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ.

ಕೊನೆಗೆ

ಹತ್ತು ದಿನ ಆದ ಮೇಲೆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಫ್ರೆಂಡ್ಸ್ಗೆಲ್ಲ ತತ್ತೀನಿ ಅಂತ ಹೇಳ್ಬುಟ್ಟಿದ್ದೆ ಕಣಣ್ಣ" ಅಂದ. ನಿಜವಾದ ಕಾರಣ ಅದೇ. ನಮ್ಮಲ್ಲಿ ಎಷ್ಟೋ ಜನ ಈ ನಾಯಿ ತರೋದು ಕಳ್ಳನಿಗೆ ಹೆದರಿ ಅಲ್ಲ, ಸ್ಟೇಟಸ್ ಹಾಕೋಕೆ.

ಇಪ್ಪತ್ತೆರಡು ಸಾವಿರದಲ್ಲಿ ಅವನು ಶೆಡ್ಡಿನ ಬಾಗಿಲಿಗೆ ಒಳ್ಳೆ ಕಬ್ಬಿಣದ ಗ್ರಿಲ್ ಹಾಕಿಸಿದ, ಎರಡು ಸೋಲಾರ್ ಲೈಟ್ ತಂದ, ಉಳಿದ ದುಡ್ಡಲ್ಲಿ ಒಂದು ಹೆಣ್ಣು ಕುರಿಮರಿ ಕೊಂಡ. ನಾಯಿಗೆ ದುಡ್ಡು ಬೇಕಾಗಲಿಲ್ಲ. ಊರ ಹಾಲಿನ ಡೇರಿ ಹಿಂದೆ ಈದಿದ್ದ ನಾಯಿಯ ಎರಡು ಮರಿ ತಂದಿದ್ದಾನೆ. ಈಗ ಅವಕ್ಕೆ ಹತ್ತು ವಾರ. ಕಾವಲಿಗೆ ಬರೋಕೆ ಇನ್ನೂ ಒಂದು, ಒಂದೂವರೆ ವರ್ಷ ಬೇಕು. ಅಲ್ಲಿವರೆಗೆ ವಾರದಲ್ಲಿ ಮೂರು ರಾತ್ರಿ ಅವನು, ಮೂರು ರಾತ್ರಿ ಅವನ ತಮ್ಮ ಶೆಡ್ಡಿನಲ್ಲೇ ಮಲಗ್ತಾರೆ. ಭಾನುವಾರ ನಾನು.

ಕರಿಯ ಇನ್ನೂ ನನ್ನ ಜೊತೆ ಇದೆ. ಚೈನ್ ಬಿಚ್ಚಿ, ಬೇಲಿ ಸರಿ ಮಾಡಿಸಿ ಮೂರು ವರ್ಷ ಆಯಿತು. ಆಳುಗಳು ಬಂದ ದಿನ ಮಾತ್ರ ರೂಮಿನಲ್ಲಿ ಕೂಡಿಹಾಕ್ತೀನಿ. ಲಸಿಕೆ ಚೀಟಿ ಪಂಪ್‌ಸೆಟ್ ಮನೆ ಬಾಗಿಲ ಹಿಂದೆ ಅಂಟಿಸಿದ್ದೀನಿ. ನಿಮ್ಮ ನಾಯಿಯ ಚೀಟಿ ಎಲ್ಲಿದೆ ಅಂತ ಇವತ್ತೇ ಹುಡುಕಿ ನೋಡಿ. ಸಿಗದಿದ್ದರೆ ನಾಳೆ ಬೆಳಿಗ್ಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.